"ನನಗ ಏನೂ ಆಗಿಲ್ರೀ ಮೇಡಂ": ನವಜಾತ ಶಿಶು ಘಟಕದ ನರ್ಸ್ ಒಬ್ಬರ ಪ್ರಕರಣ

ಹೆಸರು, ವಯಸ್ಸು, ಊರು, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೇ ಓದಲು ಕೊಟ್ಟೆ. ಎರಡು ಕಡೆ "ಇದು ಬ್ಯಾಡ್ರಿ, ಗೊತ್ತಾಗ್ತದ" ಅಂದರು, ತೆಗೆದೆ. ಒಂದು ಕಡೆ ನಾನೇ ಹಿಂಜರಿದು ಬಿಟ್ಟಿದ್ದ ಮಾತನ್ನು "ಇದು ಇರ್ಲಿ" ಅಂದರು, ಸೇರಿಸಿದೆ. ಅವರನ್ನು ಸರೋಜಾ ಎಂದು ಕರೆಯುತ್ತೇನೆ. ಇಲ್ಲಿ ಅವರ ಥೆರಪಿಸ್ಟಾಗಿ ನಾನು ಮಾಡಿದ ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಓದುವ ಥೆರಪಿಸ್ಟರಿಗೆ ಇದರಿಂದ ಏನೂ ಸಿಗುವುದಿಲ್ಲ.

ಹಿನ್ನೆಲೆ

ಸರೋಜಾ, 37 ವರ್ಷ. ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಸ್ಟಾಫ್ ನರ್ಸ್. 13 ವರ್ಷದ ಸರ್ವಿಸ್, ಅದರಲ್ಲಿ ಕೊನೆಯ 6 ವರ್ಷ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ. ಬೆಳಗಿನ ಡ್ಯೂಟಿ 8ರಿಂದ 2, ಮಧ್ಯಾಹ್ನದ್ದು 2ರಿಂದ 8, ರಾತ್ರಿಯದು 8ರಿಂದ ಮರುದಿನ ಬೆಳಿಗ್ಗೆ 8. ನೈಟ್ ಬಂದರೆ ವಾರವಿಡೀ ನೈಟ್. ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಗಂಡ ಎಲೆಕ್ಟ್ರಿಷಿಯನ್, ಇಬ್ಬರು ಮಕ್ಕಳು, ಜೊತೆಗೆ ಅತ್ತೆ.

ಅವರು ತಾವಾಗಿ ನನ್ನ ಬಳಿ ಬಂದವರಲ್ಲ. ಎದೆಯಲ್ಲಿ ಹಿಡಿದಂತಾಗುತ್ತದೆ ಎಂದು ಫಿಸಿಷಿಯನ್ ಹತ್ತಿರ ಹೋಗಿದ್ದರು. ಇಸಿಜಿ ಸರಿಯಿತ್ತು, ರಕ್ತ ಪರೀಕ್ಷೆ ಸರಿಯಿತ್ತು, ಥೈರಾಯ್ಡ್ ಸರಿಯಿತ್ತು. ಡಾಕ್ಟರು ಒಂದು ಚೀಟಿ ಬರೆದು ನನ್ನಲ್ಲಿಗೆ ಕಳಿಸಿದರು. ಮೊದಲ ದಿನ ಕುರ್ಚಿಯ ತುದಿಯಲ್ಲಿ ಕೂತು, ಫೈಲು ತೆರೆದು, ಬಿಡುವಿಲ್ಲದೆ ಹೇಳಿದರು: "37 ಇಯರ್ಸ್ ಫೀಮೇಲ್‌ರೀ. ಎಂಟು ತಿಂಗಳಿಂದ ನಿದ್ದಿ ಇಲ್ಲ, ಎದಿ ಹಿಡದಂಗ ಆಗೂದು, ಊಟ ಸೇರಂಗಿಲ್ಲ. ಬಿಪಿ ನಾರ್ಮಲ್, ಶುಗರ್ ಇಲ್ಲ. ಅಲರ್ಜಿ ಯಾವುದೂ ಇಲ್ರಿ." ಡ್ಯೂಟಿ ಮುಗಿದಾಗ ಮುಂದಿನ ಸಿಸ್ಟರ್‌ಗೆ ಪೇಷಂಟ್ ಬಗ್ಗೆ ಓವರ್ ಕೊಡುವಂತೆ ತಮ್ಮ ಬಗ್ಗೆಯೇ ಓವರ್ ಕೊಟ್ಟಿದ್ದರು. ಎಷ್ಟು ಅಚ್ಚುಕಟ್ಟು ಅಂದುಕೊಂಡು ಬರೆದುಕೊಂಡೆ. ಆ ಅಚ್ಚುಕಟ್ಟೇ ರೋಗದ ಒಂದು ಭಾಗ ಎಂದು ಆಗ ಹೊಳೆಯಲಿಲ್ಲ.

ಕೊನೆಗೆ ಒಂದು ಮಾತು ಸೇರಿಸಿದರು: "ನನಗ ಏನೂ ಆಗಿಲ್ರೀ ಮೇಡಂ. ನಿದ್ದಿ ಒಂದ್ ಸರಿಯಾದ್ರ ಸಾಕು."

ಆ ನಿದ್ದೆಗಾಗಿ ಎಂಟು ತಿಂಗಳಿಂದ ರಾತ್ರಿಗೊಂದು ಆಲ್‌ಪ್ರಜೋಲಾಂ ಮಾತ್ರೆ ನುಂಗುತ್ತಿದ್ದರು. ಬರೆದುಕೊಟ್ಟ ಡಾಕ್ಟರು ಯಾರೂ ಇರಲಿಲ್ಲ, ಪರಿಚಯದ ಮೆಡಿಕಲ್ ಶಾಪಿನಿಂದ ಬರುತ್ತಿತ್ತು. ಆರೋಗ್ಯ ಕ್ಷೇತ್ರದವರ ಜೊತೆ ಕೆಲಸ ಮಾಡುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಇದು: "ನೀವೇ ತಗೊಳ್ತಿರೋ ಮಾತ್ರೆ ಯಾವುದು?" "ಮಾತ್ರೆ ತಗೋತೀರಾ?" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಡಾಕ್ಟರು ಕೊಟ್ಟದ್ದಷ್ಟೇ ಅವರ ಲೆಕ್ಕದಲ್ಲಿ ಮಾತ್ರೆ.

ಸಮಸ್ಯೆ ಯಾವುದು?

ಬರ್ನ್‌ಔಟ್ ಎಂಬ ಪದ ವೈದ್ಯಕೀಯ ಬರವಣಿಗೆಗೆ ಬಂದದ್ದು 1974ರಲ್ಲಿ, ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿಯಿಂದ. ತನ್ನ ಸಹೋದ್ಯೋಗಿಗಳನ್ನೂ ತನ್ನನ್ನೂ ನೋಡಿ ಆತ ಬರೆದದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಐಸಿಡಿ-11 ಎಂಬ ತನ್ನ ಕಾಯಿಲೆಗಳ ವರ್ಗೀಕರಣದಲ್ಲಿ ಸೇರಿಸಿತು, ಆದರೆ ಕಾಯಿಲೆಯಾಗಿ ಅಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯಾಗಿ. ಲಕ್ಷಣ ಮೂರು: ಮುಗಿಯದ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿಯಾಗುವುದು, ಮಾಡಿದ ಕೆಲಸದಿಂದ ಏನೂ ಪ್ರಯೋಜನವಿಲ್ಲ ಅನ್ನಿಸುವುದು.

ಮೂರೂ ಸರೋಜಾ ಅವರಲ್ಲಿದ್ದವು. ಹೆರಿಗೆಯಾಗಿ ಒಂದೆರಡು ದಿನದ ಕೂಸುಗಳಿಗೆ ಹೆಸರಿರುವುದಿಲ್ಲ. ಟ್ಯಾಗಿನಲ್ಲಿ ‘ಬೇಬಿ ಆಫ್’ ಎಂದು ತಾಯಿಯ ಹೆಸರಿರುತ್ತದೆ. ಸರೋಜಾ ತಾಯಿಯ ಹೆಸರನ್ನೂ ಬಿಟ್ಟು "ನಾಲ್ಕನೇ ವಾರ್ಮರ್", "ಆರನೇ ವಾರ್ಮರ್" ಎಂದು ಕೂಸನ್ನು ಬೆಚ್ಚಗಿಡುವ ತೊಟ್ಟಿಲಿನ ನಂಬರಿನಿಂದಲೇ ಕರೆಯತೊಡಗಿದ್ದರು. ಹೊರಗೆ ಕಾಯುವ ಅಜ್ಜಿಯರು ಹತ್ತು ಸಲ ಬಂದು ಕೇಳಿದರೆ ಮೊದಲು ಹತ್ತು ಸಲವೂ ಹೇಳುತ್ತಿದ್ದವರು ಈಗ ಬಾಗಿಲನ್ನೇ ತೆರೆಯುತ್ತಿರಲಿಲ್ಲ. "ನನ್ನ ದನಿ ನನಗ ಅಸಹ್ಯ ಆಗ್ತದ್ರಿ" ಎಂದರು.

ಹಾಗಾಗಿ ನಾನು ಬರ್ನ್‌ಔಟ್ ಎಂದು ಬರೆದೆ. ತಪ್ಪಲ್ಲ, ಅರ್ಧ. ಬರ್ನ್‌ಔಟ್ ಆದವರು ರಜೆಯ ದಿನ, ಕೆಲಸದಿಂದ ದೂರವಾದಾಗ, ಸ್ವಲ್ಪವಾದರೂ ಉಸಿರಾಡುತ್ತಾರೆ. ಖಿನ್ನತೆಯಲ್ಲಿ ರಜೆಯೂ ಬೂದಿ. ಇದನ್ನು ತಿಳಿಯಲು ಸುಲಭದ ಪ್ರಶ್ನೆಯೊಂದಿದೆ: ಆಫ್ ಇದ್ದ ದಿನ ಹೇಗಿರ್ತೀರಿ? ಕೇಳಿದ್ದೆ. "ತಂಗಿ ಕುಬಸ ಇತ್ರಿ, ಹೋಗಲಿಲ್ಲ, ಡ್ಯೂಟಿ ಐತಿ ಅಂತ ಸುಳ್ ಹೇಳ್ದೆ" ಎಂದಿದ್ದರು. ತವರಿನಲ್ಲಿ ಒಬ್ಬಳೇ ತಂಗಿಯ ಕುಬಸ (ಸೀಮಂತ), ಆರತಿ, ಹಸಿರು ಸೀರೆ, ಬಳೆ. ಯಾಕೆ ಹೋಗಲಿಲ್ಲ ಎಂದು ನಾನು ಮುಂದೆ ಕೇಳಲಿಲ್ಲ. ದಣಿವು ಅಂದುಕೊಂಡೆ. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 14 ಬಂದಿತ್ತು, ಅಂದರೆ ಮಧ್ಯಮ ಪ್ರಮಾಣದ ಖಿನ್ನತೆಯ ಸೂಚನೆ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆಗೆ ಟಿಕ್ ಹಾಕಿದ್ದರು. ಆ ಪ್ರಶ್ನಾವಳಿಯನ್ನು ಬಾಯಿಪಾಠ ಬಲ್ಲ ನರ್ಸ್ ಅಲ್ಲಿ ಸೊನ್ನೆ ಹಾಕುವುದೂ ಬೇರೆಯವರು ಹಾಕುವುದೂ ಒಂದೇ ಅಲ್ಲ.

ಮೊದಲ ಐದು ಭೇಟಿಗಳು

ನಾನು ಮಾಡಿದ್ದು ಪುಸ್ತಕದ ಪ್ರಕಾರವೇ. ಉಸಿರಾಟ, ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವ ಜೇಕಬ್‌ಸನ್ ವಿಧಾನ, ನಿದ್ದೆಯ ದಿನಚರಿ, ಮನಸ್ಸಿಗೆ ಬಂದ ಯೋಚನೆಗಳನ್ನು ಬರೆದಿಡುವ ಕೋಷ್ಟಕ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ ಎಂದು ಹೇಳಿ ಸೈಕಿಯಾಟ್ರಿಸ್ಟ್ ಹತ್ತಿರ ಹೋಗಲು ಚೀಟಿ ಕೊಟ್ಟೆ. ಅವರು ಹೋಗಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಹೋಂವರ್ಕನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕು, ಸ್ಕೇಲು ಹಿಡಿದು ಎಳೆದ ಗೆರೆ, ಹಗಲಿನ ಯೋಚನೆ ನೀಲಿ ಇಂಕಿನಲ್ಲಿ, ರಾತ್ರಿಯದು ಕೆಂಪಿನಲ್ಲಿ, ವಾರ್ಡಿನಲ್ಲಿ ನೈಟ್ ಡ್ಯೂಟಿಯ ನೋಟ್ಸ್ ಬರೆದ ಅಭ್ಯಾಸದಂತೆ. ಒಂದು ಸಾಲು ನೆನಪಿದೆ. ಸಮಯ: ಬೆಳಗಿನ 4:10. ಸಂದರ್ಭ: ಕರೆಂಟ್ ಹೋಯಿತು, ಇನ್ವರ್ಟರ್ ಬೀಪ್ ಅಂತು. ಯೋಚನೆ: ಏನೂ ಇಲ್ಲ. ಭಾವನೆ: ಏನೂ ಇಲ್ಲ. ಮಾಡಿದ್ದು: ಎದ್ದು ನಿಂತೆ.

ನಾನು ‘ಏನೂ ಇಲ್ಲ’ ಎಂಬಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಭಾವನೆಗಳನ್ನು ಗುರುತಿಸುವ ಪಟ್ಟಿಯೊಂದನ್ನು ಕೊಟ್ಟು ಕಳಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಬೆಳಗಿನ 4:10ಕ್ಕೆ ಎದ್ದು ನಿಂತ ಹೆಂಗಸಿಗೆ ನಾನು ಕೊಟ್ಟದ್ದು ಇನ್ನೊಂದು ಫಾರ್ಮ್.

ನಾಲ್ಕನೇ ಭೇಟಿಯಲ್ಲಿ, ಏಳುವ ಹೊತ್ತಿಗೆ, ನಗುತ್ತಾ ಹೇಳಿದರು: "ಒಂದ್ ಸಣ್ಣ ಆ್ಯಕ್ಸಿಡೆಂಟ್ ಆಗಿ, ಕಾಲ್ ಮುರದು, ಹದಿನೈದ್ ದಿನ ಮಲಕ್ಕೊಂಡಿದ್ರ ಚಲೋ ಇತ್ ನೋಡ್ರಿ. ಆವಾಗ ಯಾರೂ ಏನೂ ಅನ್ನಂಗಿಲ್ಲ." ನಾನೂ ನಕ್ಕೆ. "ರಜೆ ತಗೊಳ್ಳೋಕೆ ಕಾಲು ಮುರ್ಕೋಬೇಕಾ ಸಿಸ್ಟರ್?" ಎಂದೆ. ಅವರು ಬ್ಯಾಗು ತೆಗೆದುಕೊಂಡು ಹೋದರು.

ಐದನೆಯ ಭೇಟಿಯಲ್ಲಿ ಪಿಎಚ್‌ಕ್ಯೂ-9 ಮತ್ತೆ ಮಾಡಿದೆವು. 15. ಆರನೆಯದಕ್ಕೆ ಬರಲಾಗುವುದಿಲ್ಲ ಎಂದು ಮೆಸೇಜ್ ಬಂತು. ನಾನು ಫೋನ್ ಕೆಳಗಿಟ್ಟು, ಟೀ ಮಾಡಿಕೊಂಡು, ಸಿಕ್ಕ ಐವತ್ತು ನಿಮಿಷ ಕಿಟಕಿಯ ಪಕ್ಕ ಸುಮ್ಮನೆ ಕೂತೆ. ಹಾಯೆನಿಸಿತು.

ನನ್ನ ಕಡೆಯ ಹಿನ್ನೆಲೆ

ಆ ಹಾಯೆನಿಸಿದ್ದರ ಬಗ್ಗೆ ಬರೆಯದೆ ಈ ಪ್ರಕರಣ ಮುಂದೆ ಹೋಗುವುದಿಲ್ಲ.

ನಾವು ಎಂ.ಫಿಲ್. ಮಾಡುವಾಗ ಒಂದೊಂದು ಕೇಸನ್ನೂ ಹಿರಿಯರ ಮುಂದೆ ಇಡಬೇಕು. ಬೈಸಿಕೊಳ್ಳುತ್ತೇವೆ, ಕಲಿಯುತ್ತೇವೆ. ನೋಂದಣಿಯಾಗಿ ಕೆಲಸಕ್ಕೆ ಕೂತ ಮೇಲೆ ಕೇಳುವವರಿಲ್ಲ. ಕೋವಿಡ್ ಶುರುವಾದ 2020ರಿಂದ ನಾನು ಯಾರ ಬಳಿಯೂ ಸೂಪರ್‌ವಿಷನ್‌ಗೆ ಹೋಗಿರಲಿಲ್ಲ. ದಿನಕ್ಕೆ ಎಂಟು, ಕೆಲವು ದಿನ ಒಂಬತ್ತು ಜನ. ಅದರಲ್ಲಿ ಅರ್ಧ ಆಸ್ಪತ್ರೆಯವರೇ: ಹೌಸ್‌ಸರ್ಜನ್‌ಗಳು, ನರ್ಸ್‌ಗಳು, ಲ್ಯಾಬಿನವರು, ಒಬ್ಬ ಆಂಬುಲೆನ್ಸ್ ಡ್ರೈವರ್. ಸಂಜೆ ಮಗಳು ಶಾಲೆಯ ಕಥೆ ಹೇಳುತ್ತಿದ್ದರೆ ನನ್ನ ತಲೆ ತಾನೇ ತಾನಾಗಿ ಆಡುತ್ತಿತ್ತು, "ಹ್ಞೂಂ, ಆಮೇಲೆ?" ಎನ್ನುತ್ತಿದ್ದೆ. "ಅಮ್ಮಾ, ಆಫೀಸ್ ಹ್ಞೂಂ ಬೇಡ" ಎಂದಳು ಒಂದು ದಿನ.

ಎಂ.ಫಿಲ್. ದಿನಗಳ ಗುರುಗಳಿಗೆ ಫೋನ್ ಮಾಡಿದ್ದು ಸರೋಜಾ ಅವರಿಗಾಗಿ ಅಲ್ಲ, ಬೇರೆಯದೇ ಒಂದು ಕಷ್ಟದ ಕೇಸಿಗಾಗಿ. ಅದು ಮುಗಿದು ಸಮಯ ಉಳಿದಿತ್ತು. "ಇನ್ನೊಂದು ಸಣ್ಣ ಕೇಸಿದೆ ಸರ್, ಬರ್ನ್‌ಔಟ್, ಡ್ರಾಪ್‌ಔಟ್ ಆದ ಹಾಗಿದೆ" ಎಂದೆ. ನಡೆದದ್ದನ್ನೆಲ್ಲ ಹೇಳಿಸಿದರು. ಕಾಲು ಮುರಿಯುವ ಮಾತಿನವರೆಗೆ ಬಂದಾಗ ತಡೆದರು.

"ಅದನ್ನ ಇನ್ನೊಂದ್ಸಲ ಹೇಳು. ಆಕೆ ಹೇಳಿದ ಹಾಗೇ ಹೇಳು."

ಹೇಳಿದೆ. ನನ್ನ ಬಾಯಿಂದ ಎರಡನೇ ಸಲ ಬಂದಾಗ ಆ ಮಾತಿನಲ್ಲಿ ನಗು ಇರಲಿಲ್ಲ.

ಅವರು ಇನ್ನೆರಡು ಪ್ರಶ್ನೆ ಕೇಳಿದರು. ಆಕೆ ಬರೋದಿಲ್ಲ ಅಂದಾಗ ನಿನಗೆ ಏನನ್ನಿಸಿತು? 4:10ಕ್ಕೆ ಏನಾಗಿತ್ತು? ಮೊದಲನೆಯದಕ್ಕೆ ಉತ್ತರ ಗೊತ್ತಿತ್ತು, ಹೇಳಲು ಎರಡು ನಿಮಿಷ ಬೇಕಾಯಿತು. ಎರಡನೆಯದನ್ನು ನಾನು ಕೇಳಿಯೇ ಇರಲಿಲ್ಲ. ನಾನು ಕೇಳದೆ ಇದ್ದದ್ದು, ಅವರು ‘ಏನೂ ಇಲ್ಲ’ ಎಂದು ಬರೆದದ್ದು, ಎರಡೂ ಒಂದೇ ಜಾತಿಯವು. ವಾರ್ಡಿನ ಬಾಗಿಲನ್ನು ಅವರು ಮುಚ್ಚಿಕೊಂಡಂತೆ ನಾನು ನನ್ನದನ್ನು ಮುಚ್ಚಿಕೊಂಡಿದ್ದೆ. ನನ್ನ ಬಾಗಿಲಿಗೆ ಹೋಂವರ್ಕ್ ಎಂಬ ಒಳ್ಳೆಯ ಹೆಸರಿತ್ತು, ಅಷ್ಟೇ.

ತಿರುವು

ಅದೇ ಸಂಜೆ ಸರೋಜಾ ಅವರಿಗೆ ಫೋನ್ ಮಾಡಿದೆ. ಬಾರದ ಕ್ಲೈಂಟಿಗೆ ಥೆರಪಿಸ್ಟ್ ಫೋನ್ ಮಾಡಬಹುದೇ ಎಂಬ ಚರ್ಚೆ ನಮ್ಮಲ್ಲಿದೆ. ಅಪಾಯದ ಸುಳಿವಿದ್ದಾಗ ಆ ಚರ್ಚೆಗೆ ಜಾಗವಿಲ್ಲ. "ಹಿಂದೊಮ್ಮೆ ನೀವು ಹೇಳಿದ ಮಾತೊಂದನ್ನ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಅದನ್ನ ಕೇಳಬೇಕು" ಎಂದೆ. ಆಚೆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ನಾಳಿ ನೈಟ್ ಮುಗಿಸ್ಕೊಂಡ್ ಬರ್ಲೇನ್ರಿ?"

ಬೆಳಿಗ್ಗೆ 9ಕ್ಕೆ ಬಂದರು. ಆವರೆಗೆ ಸಂಜೆ 5ಕ್ಕೆ ಬರುತ್ತಿದ್ದರು: ಮಿಂದು, ಜಡೆ ಹಾಕಿ, ಫೈಲು ಹಿಡಿದು. ಇವತ್ತು ಕಣ್ಣು ಕೆಂಪಗೆ, ಕಾಲಲ್ಲಿ ವಾರ್ಡಿನ ಚಪ್ಪಲಿಯೇ. ನೇರವಾಗಿ ಕೇಳಿದೆ. ಗಾಡಿಯಲ್ಲಿ ಬರುವಾಗ ಹಿಂದಿನಿಂದ ಲಾರಿ ಬಂದರೆ ಸರಿಯಬಾರದು ಅನ್ನಿಸುತ್ತದೆ, ಎರಡು ಸಲ ಸರಿಯಲಿಲ್ಲ ಎಂದರು. ಸಾಯಬೇಕು ಅಂತಲ್ಲ, "ನಿಲ್ಲಬೇಕು ಅಷ್ಟ". ಮಕ್ಕಳ ಮುಖ ನೆನಪಾಗಿ ಸರಿದ ದಿನಗಳಿದ್ದವು.

ಅಂದು ತೆಗೆದುಕೊಂಡ ನಿರ್ಧಾರಗಳು ಬೇಗ ಬೇಗ ಆದವು. ಗಂಡನಿಗೆ ಹೇಳುವುದು, ಸರೋಜಾ ಅವರ ಒಪ್ಪಿಗೆಯ ಮೇಲೆ, ಅವರೆದುರೇ. ನೈಟ್ ಮುಗಿದ ಮೇಲೆ ತಾವೇ ಗಾಡಿ ಓಡಿಸಬಾರದು, ಗಂಡ ಬಂದು ಕರೆದೊಯ್ಯುವುದು. ಮನೆಯಲ್ಲಿರುವ ಮಾತ್ರೆಗಳು ಗಂಡನ ಕೈಗೆ. ರಾತ್ರಿ ಯಾರೂ ಸಿಗದಿದ್ದರೆ ಟೆಲಿ ಮಾನಸ್, 14416. 2022ರ ಅಕ್ಟೋಬರಿನಿಂದ ಇರುವ ಈ ಉಚಿತ ಸಹಾಯವಾಣಿಯ ಪೋಸ್ಟರನ್ನು ಅವರೇ ವಾರ್ಡಿನ ಗೋಡೆಗೆ ಅಂಟಿಸಿದ್ದರಂತೆ. ಸೈಕಿಯಾಟ್ರಿಸ್ಟ್ ಭೇಟಿ ಆ ವಾರವೇ.

ಚೀಟಿ ಕೊಟ್ಟರೂ ಮೊದಲು ಯಾಕೆ ಹೋಗಲಿಲ್ಲ ಎಂಬುದೂ ಆಗಲೇ ತಿಳಿದದ್ದು. ಅವರ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗದ ಓಪಿಡಿ ಇರುವುದು ಕ್ಯಾಂಟೀನಿನ ಎದುರು. ಅಲ್ಲಿ ಕೂತರೆ ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತು, ಏಪ್ರಿಲ್‌ನಲ್ಲಿ ಗುತ್ತಿಗೆ ನವೀಕರಣ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಡುತ್ತದೆ ನಿಜ, ಕ್ಯಾಂಟೀನಿನ ಬೆಂಚಿಗೆ ಆ ಕಾಯ್ದೆ ತಲುಪಿಲ್ಲ. ಅರವತ್ತು ಕಿಲೋಮೀಟರ್ ಆಚೆಯ ಊರಿನ ಸೈಕಿಯಾಟ್ರಿಸ್ಟ್ ಒಬ್ಬರನ್ನು ಆರಿಸಿದೆವು. ಖಿನ್ನತೆ ಎಂದು ಅವರು ಖಚಿತಪಡಿಸಿ ಎಸ್ಸಿಟಾಲೋಪ್ರಾಂ ಎಂಬ ಖಿನ್ನತೆಯ ಮಾತ್ರೆ ಶುರುಮಾಡಿದರು, ಆಲ್‌ಪ್ರಜೋಲಾಂ ಅನ್ನು ಕಾಲು ಕಾಲು ಮಾತ್ರೆಯಾಗಿ ಇಳಿಸುವ ಪಟ್ಟಿ ಬರೆದುಕೊಟ್ಟರು. ಸರ್ಟಿಫಿಕೇಟಿನಲ್ಲಿ ಏನು ಬರೆಯಬೇಕು ಎಂಬುದರ ಮೇಲೆ ನಾವು ಮೂವರೂ ಸಾಕಷ್ಟು ಮಾತಾಡಿದೆವು. ಬರ್ನ್‌ಔಟ್ ಎಂದು ಬರೆದರೆ ಅದು ಕಾಯಿಲೆಯಲ್ಲ, ರಜೆಗೆ ಆಧಾರವಾಗದು. ಖಿನ್ನತೆ ಎಂದು ಬರೆದರೆ ಸುದ್ದಿಯಾಗುತ್ತದೆ. ಕೊನೆಗೆ ಅದರಲ್ಲಿ ಇದ್ದದ್ದು ಇಷ್ಟು: ವೈದ್ಯಕೀಯ ಕಾರಣಗಳಿಂದ ಆರು ವಾರ ರಾತ್ರಿ ಪಾಳಿ ಬೇಡ.

ಆ ಕಾಗದ ಹಿಡಿದು ಇನ್‌ಚಾರ್ಜ್ ಸಿಸ್ಟರ್ ಬಳಿ ಹೋದಾಗ ಸಿಕ್ಕ ಉತ್ತರ: "ನಿನಗೊಬ್ಬಾಕಿಗೆ ಅಲ್ಲವ್ವಾ, ಎಲ್ಲಾರ್ಗೂ ಹಂಗ ಐತಿ." ನನಗೆ ಸಿಟ್ಟು ಬಂತು, ನಾನೇ ಪತ್ರ ಬರೆಯುತ್ತೇನೆ ಎಂದೆ. ಸರೋಜಾ ಬೇಡ ಅಂದರು. ಇನ್‌ಚಾರ್ಜ್ ಸಿಸ್ಟರ್ ಕೂಡ ಎರಡು ವರ್ಷದಿಂದ ಇಲ್ಲದ ಸ್ಟಾಫ್ ಇಟ್ಟುಕೊಂಡು ಡ್ಯೂಟಿ ಲಿಸ್ಟ್ ಹಾಕುತ್ತಿದ್ದಾರೆ, ಪತ್ರ ಬಂದರೆ ಅವರಿಗೆ ಇನ್ನೊಂದು ತಲೆನೋವು ಎಂಬುದು ಅವರ ವಾದ. ದಾರಿ ಹುಡುಕಿದ್ದು ಅವರೇ. ಮುಂದೆ ಓದಲು ತಯಾರಿ ನಡೆಸಿದ್ದ ಕಿರಿಯ ಸಿಸ್ಟರ್ ಒಬ್ಬಳಿಗೆ ಹಗಲು ಕೋಚಿಂಗ್ ಇತ್ತು, ನೈಟ್ ಬೇಕಿತ್ತು. ಇಬ್ಬರೂ ಒಟ್ಟಿಗೆ ಹೋಗಿ ಕೇಳಿದರು, ಲಿಸ್ಟ್ ಬದಲಾಯಿತು. ನನ್ನ ಪತ್ರ ಹೋಗಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತೇನೋ.

ಆ ರಾತ್ರಿ

ನಿದ್ದೆ ಮೂರು ವಾರದಲ್ಲಿ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ, ಒಂಬತ್ತನೇ ಭೇಟಿಯಲ್ಲಿ, 4:10ರ ಬಗ್ಗೆ ಕೇಳಿದೆ. ಇದನ್ನು ಮೊದಲೇ ಕೇಳಬೇಕಿತ್ತು ಎಂದು ಬರೆದೆನಲ್ಲ, ನಿಜ. ಆದರೆ ಮೊದಲ ದಿನವೇ ಕೆದಕಿದ್ದರೂ ತಪ್ಪಾಗುತ್ತಿತ್ತು. ನಿದ್ದೆಯಿಲ್ಲದ, ಮಾತ್ರೆಯ ಮಂಪರಿನ ತಲೆ ಅಂಥ ಭಾರ ಹೊರುವುದಿಲ್ಲ.

ಎರಡು ವರ್ಷದ ಹಿಂದಿನ ಮಳೆಗಾಲ. ರಾತ್ರಿ ಇಬ್ಬರೇ ಸಿಸ್ಟರ್‌ಗಳು, 12 ವಾರ್ಮರ್, 17 ಕೂಸು. ಕೆಲವು ವಾರ್ಮರ್‌ಗಳಲ್ಲಿ ಎರಡೆರಡು. ಅವಧಿಗೆ ಮುಂಚೆ ಹುಟ್ಟಿದ, 1,100 ಗ್ರಾಂ ತೂಕದ ಒಂದು ಗಂಡು ಕೂಸು. ಸರೋಜಾ ಇನ್ನೊಂದು ಮೂಲೆಯಲ್ಲಿ ಬೇರೆ ಕೂಸಿಗೆ ಐವಿ ಹಾಕುತ್ತಿದ್ದರು. ಅಷ್ಟು ಸಣ್ಣ ಕೈಯಲ್ಲಿ ರಕ್ತನಾಳ ಸಿಕ್ಕಾಗ ಉಸಿರು ಬಿಗಿಹಿಡಿಯಬೇಕು, ಬಿಟ್ಟೇಳುವಂತಿಲ್ಲ. ಪಲ್ಸ್ ಆಕ್ಸಿಮೀಟರಿನ ಬೀಪ್‌ಗೆ ಒಂದು ಗುಣವಿದೆ: ರಕ್ತದಲ್ಲಿ ಆಮ್ಲಜನಕ ಇಳಿದಂತೆ ಅದರ ಸ್ವರವೂ ಇಳಿಯುತ್ತದೆ. ನೋಡದೆಯೂ ಕಿವಿಗೆ ತಿಳಿಯುತ್ತದೆ. ಸ್ವರ ಇಳಿಯುವುದು ಕೇಳಿಸಿತು. ಟೇಪ್ ಅಂಟಿಸಿ ಎದ್ದು ಓಡುವಷ್ಟರಲ್ಲಿ ಕೂಸು ನೀಲಿ. ಡಾಕ್ಟರು ಬಂದರು, ಬ್ಯಾಗ್ ಹಿಡಿದು ಉಸಿರು ಕೊಟ್ಟರು, ಎದೆ ಒತ್ತಿದರು. 4:10ಕ್ಕೆ ನಿಲ್ಲಿಸಿದರು.

ಅಲಾರಂ ಯಾಕೆ ಜೋರಾಗಿ ಹೊಡೆಯಲಿಲ್ಲ? ದಿನವಿಡೀ ಸುಮ್ಮಸುಮ್ಮನೆ ಕೂಗುತ್ತದೆಂದು ಯಾರೋ ಅದರ ಸದ್ದು ತಗ್ಗಿಸಿದ್ದರು. ಹಿಂದಿನ ಪಾಳಿಯವರೋ, ಜೊತೆಗಿದ್ದ ಸಿಸ್ಟರೋ, ತಾವೋ, ಸರೋಜಾ ಅವರಿಗೆ ನೆನಪಿಲ್ಲ. ಎರಡು ವರ್ಷದಿಂದ ಅವರು ಪ್ರತಿ ರಾತ್ರಿ ಹುಡುಕುತ್ತಿದ್ದದ್ದು ಇದನ್ನೇ.

ಕೂಸನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ತಂದೆಯ ಕೈಗೆ ಕೊಟ್ಟಿದ್ದೂ ಅವರೇ. ಆತ ಕೂಲಿ ಮನುಷ್ಯ, ಬರಿಗಾಲಲ್ಲಿ ನಿಂತಿದ್ದ. "ಭಾಳ ಮಾಡಿದ್ರಿ ಸಿಸ್ಟರ್, ನಮ್ ದೈವ" ಎಂದು ಕೈಮುಗಿದ.

"ಬೈದಿದ್ರ ಬೇಸಿತ್ರಿ ಮೇಡಂ."

ಅದಾದ ಮೇಲೆ ಒಳಗೆ ಹೋಗಿ ಕೆಂಪು ಇಂಕಿನಲ್ಲಿ ಶೀಟ್ ಬರೆದರು, ಆರು ಗಂಟೆಗೆ ಉಳಿದ 16 ಕೂಸುಗಳ ತೂಕ ನೋಡಿದರು, ಎಂಟಕ್ಕೆ ಓವರ್ ಕೊಟ್ಟರು, ಮನೆಗೆ ಹೋಗಿ ಮಕ್ಕಳ ಡಬ್ಬಿಗೆ ರೊಟ್ಟಿ ಬಡಿದರು. ಯಾರೂ ಏನೂ ಕೇಳಲಿಲ್ಲ. ತಂಗಿಯ ಕುಬಸಕ್ಕೆ ಯಾಕೆ ಹೋಗಲಿಲ್ಲ ಎಂಬುದೂ ಈಗ ತಿಳಿಯಿತು. ಬಸುರಿ ಹೆಂಗಸನ್ನು ನೋಡಿದರೆ ಅವರಿಗೆ ಕಾಣುವುದು ವಾರ ಮತ್ತು ಗ್ರಾಂ. ತಂಗಿಯ ಹೊಟ್ಟೆಯನ್ನು ಆ ಕಣ್ಣಿಂದ ನೋಡಲು ಹೆದರಿದ್ದರು.

ವೈದ್ಯಕೀಯ ಲೋಪದಲ್ಲಿ ರೋಗಿಯ ನಂತರ ನಲುಗುವ ಆರೈಕೆದಾರರನ್ನು ಅಮೆರಿಕದ ವೈದ್ಯ ಆಲ್ಬರ್ಟ್ ವು 2000ದಲ್ಲಿ ‘ಎರಡನೇ ಬಲಿಪಶು’ ಎಂದು ಕರೆದರು. ಪದದ ಬಗ್ಗೆ ತಕರಾರುಗಳಿವೆ, ಸತ್ತ ಕೂಸಿನ ಮನೆಯವರ ಮುಂದೆ ನರ್ಸನ್ನು ಬಲಿಪಶು ಎನ್ನಬಹುದೇ ಎಂದು. ಸರೋಜಾ ಅವರಿಗೂ ಆ ಪದ ಹಿಡಿಸಲಿಲ್ಲ. ನಾನೂ ಮತ್ತೆ ಬಳಸಲಿಲ್ಲ.

ಬಳಸಿದ್ದು ರೊಟ್ಟಿಯನ್ನು. ಹೊಣೆಯನ್ನು ವೃತ್ತದಲ್ಲಿ ಪಾಲು ಮಾಡುವ ಒಂದು ವಿಧಾನ ಅರಿವಿನ ವರ್ತನಾ ಚಿಕಿತ್ಸೆಯಲ್ಲಿದೆ. ಕಾಗದದ ಮೇಲೆ ದೊಡ್ಡ ಜೋಳದ ರೊಟ್ಟಿ ಬರೆದರು. ತಮ್ಮ ಪಾಲನ್ನು ಕೊನೆಗೆ ಬರೆಯಬೇಕು ಎಂಬುದು ನಿಯಮ. 1,100 ಗ್ರಾಂ ಎಂಬುದಕ್ಕೆ ದೊಡ್ಡ ಪಾಲು. ಸೋಂಕಿಗೆ ಒಂದು. 17 ಕೂಸಿಗೆ ಇಬ್ಬರೇ ಇದ್ದುದಕ್ಕೆ ಒಂದು, ಸದ್ದು ತಗ್ಗಿದ ಅಲಾರಂಗೆ ಒಂದು, ತಾಯಿಯನ್ನು ಎರಡು ಆಸ್ಪತ್ರೆ ಸುತ್ತಿಸಿ ತಡವಾಗಿ ಕಳಿಸಿದ್ದಕ್ಕೆ ಒಂದು. ಕೊನೆಗೆ ಸಣ್ಣದೊಂದು ಚೂರು ಉಳಿಯಿತು. ಅದನ್ನೂ ಅಳಿಸಿಬಿಡುವ ಆತುರ ನನಗೆ. "ನೋಡಿ, ನಿಮ್ಮದು ಅಂತ ಏನಿದೆ ಇಲ್ಲಿ?" ಎಂದೆ.

"ಸೊನ್ನಿ ಮಾಡಬ್ಯಾಡ್ರಿ ಮೇಡಂ. ಅಲ್ಲಿ ನಾ ಇದ್ದೆ."

ನಾನು ಸುಮ್ಮನಾದೆ. ಈ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸಗಳನ್ನು ಎಣಿಸಿದರೆ ಆ ಸುಮ್ಮನಾದದ್ದು ಅದರಲ್ಲಿ ಒಂದು. ಚೂರು ಹಾಗೇ ಉಳಿಯಿತು, ಪೆನ್ನಿಂದ ಅದರ ಸುತ್ತ ಗೆರೆ ಎಳೆದು ಗಟ್ಟಿ ಮಾಡಿದರು. ಇಡೀ ರೊಟ್ಟಿ ತಮ್ಮದು ಎಂದು ಎರಡು ವರ್ಷ ಹೊತ್ತವರಿಗೆ ಒಂದು ಚೂರು ಹೊರಲಾಗದ ಭಾರವಲ್ಲ. ಅದನ್ನೂ ಕಿತ್ತುಕೊಂಡರೆ ಆ ಕೂಸಿನ ಜೊತೆ ಅವರಿಗಿದ್ದ ಸಂಬಂಧವನ್ನೇ ಕಿತ್ತುಕೊಂಡಂತೆ. ಅವತ್ತು ಮೊದಲ ಸಲ ಆ ತಾಯಿಯ ಹೆಸರು ಹೇಳಿದರು, ಮೊದಲ ಸಲ ಅತ್ತರು.

ಆಮೇಲೆ

ಬೀಪ್ ಸದ್ದಿಗೆ ಕಿವಿಯನ್ನು ಸ್ವಲ್ಪ ಸ್ವಲ್ಪವೇ ಒಗ್ಗಿಸುವ ಅಭ್ಯಾಸ ಮೊದಲ ಸಲ ಕೆಟ್ಟಿತು. ರೆಕಾರ್ಡ್ ಮಾಡಿದ ಸದ್ದನ್ನು ಫೋನಿನಲ್ಲಿ ತಗ್ಗಿಸಿ ಹಾಕಿದ್ದೇ ತಡ, ಎದ್ದು ಹೊರಗೆ ಹೋದರು. ನಾನು ಅವಸರ ಮಾಡಿದ್ದೆ. ಮುಂದಿನ ವಾರ ಫೋನನ್ನು ಅವರ ಕೈಗೇ ಕೊಟ್ಟೆ, ಹಾಕುವುದು, ನಿಲ್ಲಿಸುವುದು ಅವರದೇ. ಏಳು ಸೆಕೆಂಡಿನಿಂದ ಶುರುವಾಗಿ ಎರಡು ತಿಂಗಳಲ್ಲಿ ಹತ್ತು ನಿಮಿಷಕ್ಕೆ ಬಂತು. ಮನೆಯ ಇನ್ವರ್ಟರ್ ಬೀಪನ್ನು ಗಂಡ ತೆಗೆದುಹಾಕುತ್ತೇನೆ ಎಂದರಂತೆ, ಇರಲಿ ಅಂದಿದ್ದಾರೆ.

ಒಟ್ಟು 19 ಭೇಟಿ, ಒಂಬತ್ತು ತಿಂಗಳು. ಆಲ್‌ಪ್ರಜೋಲಾಂ ನಾಲ್ಕನೇ ತಿಂಗಳಲ್ಲಿ ಪೂರ್ತಿ ನಿಂತಿತು. ಪಿಎಚ್‌ಕ್ಯೂ-9 ಕೊನೆಗೆ 6. ಒಂಬತ್ತನೇ ಪ್ರಶ್ನೆಗೆ ಸೊನ್ನೆ, ಈ ಸಲ ಬಾಯಿಬಿಟ್ಟು ಕೇಳಿ ಪಡೆದದ್ದು. ನೈಟ್ ವಾರದಲ್ಲಿ ನಿದ್ದೆ ಈಗಲೂ ಅಷ್ಟಕ್ಕಷ್ಟೇ.

ಉತ್ಸಾಹದಲ್ಲಿ ನಾನು ಇನ್ನೊಂದು ಕೆಲಸಕ್ಕೆ ಕೈಹಾಕಿದೆ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ವೈದ್ಯರನ್ನು ಒಟ್ಟಿಗೆ ಕೂರಿಸಿ, ಕಾಡುವ ರೋಗಿಯೊಬ್ಬರ ಬಗ್ಗೆ ಮಾತಾಡಿಸುವ ಗುಂಪುಗಳನ್ನು ಕಟ್ಟಿದ್ದರು. ಅದರ ಮಾದರಿಯಲ್ಲಿ ಆ ಘಟಕದ ಸಿಸ್ಟರ್‌ಗಳಿಗೆ ತಿಂಗಳಿಗೊಂದು ಗುಂಪು. ಹಾಗೆ ಮಾಡಬಹುದೇ ಎಂದು ಸರೋಜಾ ಅವರನ್ನು ಮೊದಲು ಕೇಳಿದೆ, ಅವರು ಬರುವುದಿಲ್ಲ, ಮಾಡಿರಿ ಎಂದರು. ಮೊದಲ ಸಲ ಏಳು ಜನ, ಎರಡನೇ ಸಲ ನಾಲ್ಕು, ಮೂರನೇ ಸಲ ಒಬ್ಬರು. ಬೆಳಗಿನ ಪಾಳಿ ಮುಗಿದ ಮೇಲೆ, ಮಧ್ಯಾಹ್ನ 2:30ಕ್ಕೆ ಇಟ್ಟಿದ್ದೆ. ಹಸಿದ ಹೊಟ್ಟೆ, ಶಾಲೆಯಿಂದ ಮಕ್ಕಳು ಬರುವ ಹೊತ್ತು. ಅದಕ್ಕಿಂತ ಕೆಟ್ಟದ್ದು, ಇನ್‌ಚಾರ್ಜ್ ಸಿಸ್ಟರ್ ಗೌರವಕ್ಕೆಂದು ಬಂದು ಕೂತರು, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಡ್ಯೂಟಿ ಲಿಸ್ಟ್ ಹಾಕುವವರ ಮುಂದೆ ಯಾರೂ 4:10ರ ಮಾತಾಡುವುದಿಲ್ಲ. ಮತ್ತೆ ಮಾಡುವುದಾದರೆ ಡ್ಯೂಟಿಯ ಹೊತ್ತಿನಲ್ಲೇ, ಮೇಲಿನವರಿಗೆ ಬೇರೆ ಗುಂಪು.

ಸರೋಜಾ ಆ ಘಟಕ ಬಿಟ್ಟರು. ಲಸಿಕಾ ವಿಭಾಗಕ್ಕೆ ವರ್ಗ ಕೇಳಿ, ಎರಡನೇ ಅರ್ಜಿಗೆ ಪಡೆದರು. ಹೇಳಿದಾಗ ನನ್ನ ಮುಖ ಇಳಿದಿರಬೇಕು. ಅಷ್ಟು ಕಷ್ಟಪಟ್ಟು ಕಿವಿಯನ್ನು ಆ ಸದ್ದಿಗೆ ಒಗ್ಗಿಸಿದ್ದು ಅಲ್ಲೇ ಉಳಿಯಲಿ ಎಂದಲ್ಲವೇ ಎಂದು ಒಳಗೊಳಗೆ ಅನ್ನಿಸಿತ್ತು. "ಓಡಿ ಹೋಗ್ತಾ ಇಲ್ರಿ, ಹೋಗ್ತಾ ಇದ್ದೀನಿ" ಎಂದರು. ಅಲ್ಲಿ ಕಾರ್ಡಿನ ಮೇಲೆ ಕೂಸಿನ ಹೆಸರಿರುತ್ತದಂತೆ, ಹೆಸರು ಕೂಗಿ ಕರೆಯಬಹುದಂತೆ. ತಂಗಿಯ ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿದ್ದು ಅವರೇ.

ಅವರು ಬಿಟ್ಟ ಜಾಗಕ್ಕೆ ನಾನು ಇದನ್ನು ಬರೆಯುವವರೆಗೂ ಯಾರೂ ಬಂದಿಲ್ಲ. ಘಟಕದಲ್ಲಿ ರಾತ್ರಿ ಈಗಲೂ ಇಬ್ಬರೇ. ನೈಟ್ ಬದಲಾಯಿಸಿಕೊಂಡ ಆ ಕಿರಿಯ ಸಿಸ್ಟರ್ ಕಳೆದ ತಿಂಗಳು ನನ್ನ ಕ್ಲಿನಿಕ್ಕಿನ ನಂಬರ್ ಕೇಳಿದ್ದಾಳೆ ಎಂದು ಸರೋಜಾ ತಿಳಿಸಿದರು.

ನನ್ನ ಕಡೆ ಆದದ್ದು ಕಡಿಮೆ. ದಿನಕ್ಕೆ ಆರಕ್ಕಿಂತ ಹೆಚ್ಚು ಜನರನ್ನು ನೋಡುವುದಿಲ್ಲ, ಅದರಿಂದ ವರಮಾನ ಇಳಿದಿದೆ, ಮನೆಯಲ್ಲಿ ಈ ಬಗ್ಗೆ ಎರಡು ಸಲ ಮಾತಾಗಿದೆ. ತಿಂಗಳಿಗೊಮ್ಮೆ ಸರ್ ಜೊತೆ ಒಂದು ಗಂಟೆ. ಡೈರಿಯಲ್ಲಿ ಒಂದು ಹೊಸ ಕಾಲಂ ಎಳೆದಿದ್ದೇನೆ: ಯಾರಾದರೂ ಬರುವುದಿಲ್ಲ ಎಂದು ಮೆಸೇಜ್ ಬಂದಾಗ ಹಾಯೆನಿಸಿದರೆ ಅಲ್ಲಿ ಒಂದು ಚುಕ್ಕೆ. ಈ ತಿಂಗಳು ಮೂರು ಚುಕ್ಕೆಗಳಿವೆ, ಮೂರೂ ಒಬ್ಬರದೇ ಹೆಸರಿನ ಮುಂದೆ. ಬರುವ ಗುರುವಾರ ಸರ್ ಮುಂದೆ ಇಡುವುದು ಅವರ ಕೇಸನ್ನೇ.